ಬಡಾವಣೆಯಲ್ಲಿ ರಿಪೇರಿ ಸಂತೆ ನಡೆಸಬೇಕೆಂದಿದ್ದೇವೆ, ಬಲ್ಲವರು ಹೇಳಿ

ಕಾರಂಜಿ, ಮೈಸೂರು

ನಮ್ಮ ಬಡಾವಣೆಯ ನಿವಾಸಿಗಳ ಸಂಘ ಅಕ್ಟೋಬರಿನಲ್ಲಿ ಒಂದು ದಿನದ ರಿಪೇರಿ ಸಂತೆ ನಡೆಸಬೇಕೆಂದಿದೆ. ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಕಡ್ಡಿ ಮುರಿದ ಛತ್ರಿ, ಜಿಪ್ ಹೋದ ಚೀಲ, ಏನೇ ಇರಲಿ, ಸಮುದಾಯ ಭವನಕ್ಕೆ ತಂದು, ಬಲ್ಲವರ ಪಕ್ಕದಲ್ಲಿ ಕುಳಿತು ಸರಿಮಾಡಿಸಿಕೊಂಡು ಹೋಗುವ ಏರ್ಪಾಡು. ಅಕ್ಟೋಬರಿನ ಮೂರನೆಯ ಶನಿವಾರವನ್ನು 2017ರಿಂದ ಅಂತರರಾಷ್ಟ್ರೀಯ ರಿಪೇರಿ ದಿನವೆಂದು ಆಚರಿಸುತ್ತಿದ್ದಾರೆ. ಆಯುಧಪೂಜೆಯ ಆಸುಪಾಸಿನಲ್ಲಿ ಎಲ್ಲರ ಮನೆಯ ಅಟ್ಟದಿಂದಲೂ ಸಾಮಾನು ಕೆಳಗಿಳಿದಿರುತ್ತದೆ, ಅದೂ ಅನುಕೂಲವೇ.

ನಮ್ಮೂರಿನ ಕಸ ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದನ್ನು ವಿದ್ಯಾರಣ್ಯಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸೂಯೆಜ್ ಫಾರಂನ ಕಸದ ರಾಶಿಯ ನಾತ ಉಂಡು ಬೆಳೆದವರು ಅವರು. ಆ ರಾಶಿಗೆ ನಮ್ಮ ಕಡೆಯಿಂದ ಹೋಗುವುದು ಸ್ವಲ್ಪವಾದರೂ ಕಡಿಮೆಯಾಗಲಿ ಎಂಬ ಆಸೆ.

ಈಗಿನ ಗೊಂದಲ ಇಷ್ಟು: ಪೂರ್ತಿ ಉಚಿತವಾಗಿ ಮಾಡಬೇಕೆಂದು ಅರ್ಧ ಜನ, ಹಣ ಪಡೆಯಬೇಕೆಂದು ಅರ್ಧ ಜನ. ಸ್ವಯಂಸೇವಕರು ಸಾಕೇ, ಕಸುಬಿನವರನ್ನು ಕರೆಸಬೇಕೇ? ಯಾವ ವಸ್ತುವನ್ನು ಮುಟ್ಟಲೇಬಾರದು? ಇಂಥದ್ದನ್ನು ನಡೆಸಿದವರು, ನೋಡಿದವರು ದಯವಿಟ್ಟು ಬರೆಯಿರಿ.

ಐಂಡ್‌ಹೋವನ್ ಕನ್ನಡಿಗ, ನೆದರ್ಲೆಂಡ್ಸ್

ಒಳ್ಳೆಯ ಕೆಲಸ. ಈ ರೂಢಿ ಹುಟ್ಟಿದ್ದು ನಾನಿರುವ ದೇಶದಲ್ಲೇ. ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರ್ 18ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ‘ರಿಪೇರಿ ಕೆಫೆ’ ನಡೆಸಿದರು. ಈಗ ಜಗತ್ತಿನಲ್ಲಿ ಅಂಥವು ಎರಡೂವರೆ ಸಾವಿರಕ್ಕೂ ಹೆಚ್ಚಿವೆ. ಲಂಡನ್ನಿನಲ್ಲಿ 2012ರಲ್ಲಿ ಶುರುವಾದ ರೀಸ್ಟಾರ್ಟ್ ಪ್ರಾಜೆಕ್ಟ್‌ನವರು ಎಲೆಕ್ಟ್ರಾನಿಕ್ ಸಾಮಾನಿಗೇ ಮೀಸಲಾಗಿ ಇದೇ ಬಗೆಯ ಕೂಟಗಳನ್ನು ನಡೆಸುತ್ತಾರೆ.

ನಮ್ಮ ಮನೆಯ ಹತ್ತಿರದ ಕೆಫೆಯಲ್ಲಿ ನಡೆಯುವುದು ಹೀಗೆ. ಬಾಗಿಲಲ್ಲಿ ಒಂದು ಚೀಟಿ ತುಂಬಿಸುತ್ತಾರೆ: ಏನು ತಂದಿದ್ದೀರಿ, ಏನಾಗಿದೆ, ರಿಪೇರಿಯ ವೇಳೆ ಪೂರ್ತಿ ಕೆಟ್ಟರೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂಬ ಒಪ್ಪಿಗೆ. ಕಾಫಿ ಹಿಡಿದು ಸರದಿಗೆ ಕಾಯುವುದು. ಮೇಜಿನಲ್ಲಿ ಬಹುಪಾಲು ನಿವೃತ್ತರು. ವಸ್ತುವನ್ನು ಒಪ್ಪಿಸಿ ಪೇಟೆಗೆ ಹೋಗಿ ಬರುತ್ತೇನೆ ಎನ್ನುವಂತಿಲ್ಲ, ಪಕ್ಕದಲ್ಲೇ ಕೂರಬೇಕು, ಸಾಧ್ಯವಾದರೆ ತಿರುಪನ್ನೂ ನೀವೇ ಬಿಚ್ಚಬೇಕು. ಹಣ ಕೇಳುವುದಿಲ್ಲ, ಕಾಣಿಕೆ ಡಬ್ಬಿ ಇರುತ್ತದೆ.

ಒಂದು ಎಚ್ಚರ. ಇಲ್ಲಿ ಉಚಿತವಾಗಿ ಮಾಡುವುದಕ್ಕೆ ಕಾರಣವಿದೆ. ಕಸುಬಿನವನ ಒಂದು ಗಂಟೆಯ ಕೂಲಿ ಹೊಸ ಟೋಸ್ಟರಿನ ಬೆಲೆಯನ್ನು ದಾಟಿರುವುದರಿಂದ ರಿಪೇರಿ ಅಂಗಡಿಗಳು ಎಂದೋ ಮುಚ್ಚಿಹೋದವು. ಸ್ವಯಂಸೇವಕರು ಯಾರ ಅನ್ನವನ್ನೂ ಕಿತ್ತುಕೊಳ್ಳುತ್ತಿಲ್ಲ, ಕಿತ್ತುಕೊಳ್ಳಲು ಯಾರೂ ಉಳಿದಿಲ್ಲ. ಮೈಸೂರಿನ ಸ್ಥಿತಿ ಹಾಗಿಲ್ಲವಲ್ಲ?

ರಿವೈಂಡಿಂಗ್ ಅಂಗಡಿ, ದಾವಣಗೆರೆ

ಕೊನೆಯ ಸಾಲು ಬರೆದವರಿಗೆ ನಮಸ್ಕಾರ. ನಾನು ಹೇಳಬೇಕೆಂದಿದ್ದನ್ನು ಸಮುದ್ರದಾಚೆಯಿಂದ ಒಬ್ಬರು ಹೇಳಿದರು.

ನಮ್ಮ ತಂದೆಯವರದು ಮಿಕ್ಸಿ, ಗ್ರೈಂಡರ್, ನೀರಿನ ಮೋಟಾರ್ ರಿಪೇರಿ ಮಾಡುವ ಅಂಗಡಿ. ನಾನೂ ಅದರಲ್ಲೇ ಕೂರುತ್ತೇನೆ. ನೂರೈವತ್ತು ರೂಪಾಯಿ ಕೂಲಿ ಹೇಳಿದರೆ ‘ಒಂದು ತಂತಿ ಬೆಸೆದಿದ್ದಕ್ಕೆ ಇಷ್ಟಾ?’ ಎನ್ನುವವರು, ಹೊರಗೆ ಹೋಗಿ ಅಷ್ಟೇ ಹಣಕ್ಕೆ ಒಂದು ಕಾಫಿ ಕುಡಿದು ಅದರ ಚಿತ್ರ ಹಾಕುತ್ತಾರೆ. ಯಾವ ತಂತಿಯನ್ನು ಬೆಸೆಯಬೇಕೆಂದು ತಿಳಿಯಲು ಅಪ್ಪನಿಗೆ ಮೂವತ್ತು ವರ್ಷ ಹಿಡಿಯಿತು. ಈಗ ಸುಶಿಕ್ಷಿತರೇ ಸಂಘ ಕಟ್ಟಿ, ಬ್ಯಾನರ್ ಹಾಕಿ, ‘ಉಚಿತ ರಿಪೇರಿ’ ಎಂದು ಸಾರಿದರೆ ಜನ ಕಲಿಯುವ ಪಾಠ ಒಂದೇ: ಈ ಕೆಲಸಕ್ಕೆ ಬೆಲೆ ಇಲ್ಲ.

ನಮ್ಮ ಕಪಾಟುಗಳಲ್ಲಿ ರಿಪೇರಿಯಾಗಿ ಕೂತಿರುವ, ಒಡೆಯರು ಮರೆತ ಸಾಮಾನುಗಳ ಒಂದು ಸಾಲೇ ಇದೆ. ಫೋನ್ ಮಾಡಿದರೆ ‘ಓ, ಎಕ್ಸ್‌ಚೇಂಜ್ ಮೇಳದಲ್ಲಿ ಹೊಸದು ತಗೊಂಡೆವು, ಅದನ್ನು ನೀವೇ ಇಟ್ಟುಕೊಳ್ಳಿ’ ಎನ್ನುತ್ತಾರೆ. ಹಾಕಿದ ಬೇರಿಂಗ್ ನಮ್ಮದು, ಕೂಲಿ ನಮ್ಮದು, ಇಟ್ಟುಕೊಳ್ಳುವ ಜಾಗವೂ ನಮ್ಮದು.

ಸಂತೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಸುತ್ತಮುತ್ತಲ ಕಸುಬಿನವರನ್ನು ಕರೆದು, ದಿನಗೂಲಿ ಮಾತನಾಡಿ, ಮೇಜಿನ ಮೇಲೆ ಅವರ ಅಂಗಡಿಯ ಹೆಸರು ಬರೆದಿಡಿ.

ತಿರುಪುಳಿ, ಬೆಂಗಳೂರು

ಸಾರ್ವಜನಿಕ ವಲಯದ ಕಾರ್ಖಾನೆಯೊಂದರಿಂದ ನಿವೃತ್ತನಾದ ಎಲೆಕ್ಟ್ರಾನಿಕ್ಸ್ ತಂತ್ರಜ್ಞ ನಾನು. ಬೆಂಗಳೂರಿನಲ್ಲಿ ಇಂಥ ಶಿಬಿರಗಳು ಹೊಸತಲ್ಲ. ಪೂರ್ಣಾ ಸರ್ಕಾರ್ ಮತ್ತು ಅಂತರಾ ಮುಖರ್ಜಿ 2015ರಲ್ಲಿ ರಿಪೇರ್ ಕೆಫೆ ಬೆಂಗಳೂರು ಆರಂಭಿಸಿದರು. ದುಡ್ಡಿನ ವಿಚಾರವನ್ನು ನೀವು ಬಗೆಹರಿಸಿಕೊಳ್ಳಿ, ನಾನು ಮೇಜಿನ ಮೇಲೆ ಏನು ಬರುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮಿಕ್ಸಿಗಳೇ ಹೆಚ್ಚು. ‘ಸತ್ತುಹೋಗಿದೆ’ ಎಂದು ತಂದ ಮಿಕ್ಸಿಯನ್ನು ಮೊದಲು ಬೋರಲು ಹಾಕಿ ನೋಡಿ. ತಳದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಸಾಮಾನ್ಯವಾಗಿ ಕೆಂಪು. ಗಟ್ಟಿ ಚಟ್ನಿ ರುಬ್ಬಿದಾಗ ಹೊರೆ ಹೆಚ್ಚಾಗಿ ಅದು ಜಿಗಿದಿರುತ್ತದೆ, ಒತ್ತಿದರೆ ಮುಗಿಯಿತು. ಇದನ್ನು ತೋರಿಸಿಕೊಟ್ಟಾಗ ಕೆಲವರು ನಗುತ್ತಾರೆ, ಕೆಲವರು ನಮ್ಮ ಮೇಲೇ ಸಿಟ್ಟಾಗುತ್ತಾರೆ. ಗುಂಡಿ ಒತ್ತಿದರೂ ಏಳದಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟಾರು ತಿರುಗುತ್ತಿದ್ದೂ ಜಾರಿನ ಬ್ಲೇಡು ತಿರುಗದಿದ್ದರೆ ಮೋಟಾರಿಗೂ ಜಾರಿಗೂ ಕೊಂಡಿಯಾದ ಕಪ್ಲರಿನ ಹಲ್ಲು ಹೋಗಿದೆ. ಈ ಕಪ್ಲರನ್ನು ಬಿಚ್ಚುವಾಗ ಹೊಸಬರು ಬೆವರುತ್ತಾರೆ, ಏಕೆಂದರೆ ರುಬ್ಬುವಾಗ ತಾನೇ ಬಿಗಿಯಾಗುವಂತೆ ಅದರ ತಿರುಪಿನ ಸುತ್ತುಗಳನ್ನು ಕೊರೆದಿರುತ್ತಾರೆ. ಕೆಳಗಿನಿಂದ ಶಾಫ್ಟನ್ನು ಭದ್ರವಾಗಿ ಹಿಡಿದು, ಮೋಟಾರು ತಿರುಗುವ ದಿಕ್ಕಿಗೇ ಕಪ್ಲರನ್ನು ತಿರುಗಿಸಿದರೆ ಸಡಿಲವಾಗುತ್ತದೆ.

ಇಸ್ತ್ರಿಪೆಟ್ಟಿಗೆಯಲ್ಲಿ ಬಹುತೇಕ ತೊಂದರೆ ವೈರು ಪೆಟ್ಟಿಗೆಯೊಳಗೆ ಹೋಗುವ ಕುತ್ತಿಗೆಯಲ್ಲಿರುತ್ತದೆ. ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿ, ಮೇಲಿನ ಹೊದಿಕೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಫ್ಯಾನು ನಿಧಾನವಾಗಿದ್ದರೆ, ಅಥವಾ ಕೈಯಿಂದ ತಳ್ಳಿದರೆ ಮಾತ್ರ ಓಡಿದರೆ, ಕೆಪ್ಯಾಸಿಟರ್ ಬದಲಾಯಿಸಿ. ಮನೆಯ ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಅಳತೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಬಿಡಿಯಾಗಿ ಸಿಗುತ್ತವೆ, ಮೊದಲೇ ತರಿಸಿಟ್ಟುಕೊಳ್ಳಿ. ಬಿಡಿಭಾಗವಿಲ್ಲದ ರಿಪೇರಿ ಸಂತೆ ಎಂದರೆ ರೋಗ ಹೇಳಿ ಔಷಧ ಕೊಡದ ಆಸ್ಪತ್ರೆ.

ಇನ್ನು ಮುಖ್ಯ ಮಾತು. ಯಾವ ವಿದ್ಯುತ್ ಸಾಮಾನನ್ನೂ ನೇರವಾಗಿ ಪ್ಲಗ್ಗಿಗೆ ಹಾಕಿ ಪರೀಕ್ಷಿಸಬೇಡಿ. ಒಂದು ಸೀರೀಸ್ ಬೋರ್ಡ್ ಕಟ್ಟಿಕೊಳ್ಳಿ. ಸಾಮಾನಿನ ದಾರಿಯಲ್ಲೇ ಒಂದು 100 ವಾಟಿನ ಹಳೆಯ ತಂತಿಬಲ್ಬನ್ನು ಸರಣಿಯಾಗಿ ಜೋಡಿಸುವುದು, ಅಷ್ಟೇ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ಣ ಬೆಳಕಿನಿಂದ ಉರಿಯುತ್ತದೆ, ಫ್ಯೂಸು ಹಾರುವುದಿಲ್ಲ. ಎಲ್ಲೋ ತುಂಡಾಗಿದ್ದರೆ ಬಲ್ಬು ಉರಿಯುವುದೇ ಇಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ತಂತಿಬಲ್ಬೇ ಬೇಕು. ಹಾಗೆಯೇ ಭವನದ ವೈರಿಂಗಿಗೆ 30 ಮಿಲಿಆಂಪಿಯರಿನ ವಿದ್ಯುತ್ ಸೋರಿಕೆ ತಡೆ ಸ್ವಿಚ್ (ಆರ್‌ಸಿಸಿಬಿ) ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಸಂತೆ ಬೇಡ.

ಮುಟ್ಟಬಾರದವು: ಮೈಕ್ರೋವೇವ್ ಒವನ್. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹಳೆಯ ಡಬ್ಬಾ ಟಿವಿ, ಅದೇ ಕಾರಣಕ್ಕೆ. ಗ್ಯಾಸ್ ರೆಗ್ಯುಲೇಟರನ್ನು ರಿಪೇರಿ ಮಾಡುವುದಲ್ಲ, ವಿತರಕರ ಬಳಿ ಬದಲಾಯಿಸುವುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಯಾರಾದರೂ ತಂದರೆ ಚುಚ್ಚದೆ, ಒತ್ತದೆ ಮರಳಿನ ಬಕೆಟ್ಟಿನಲ್ಲಿಟ್ಟು ಹೊರಗಿಡಿ. ಕುಕ್ಕರಿನ ಸೇಫ್ಟಿ ವಾಲ್ವಿಗೆ ಬೇರೇನನ್ನೋ ತುರುಕಿದ್ದನ್ನು ಕಂಡಿದ್ದೇನೆ, ಅಂಥ ಕುಕ್ಕರನ್ನು ಹಿಂದಿರುಗಿಸಲೂ ಬಾರದು.

ಹೊಸ ಸದಸ್ಯ

ಸರ್, ಕೆಟ್ಟ ಎಲ್‌ಇಡಿ ಬಲ್ಬಿನ ಒಂದು ಚುಕ್ಕೆಯನ್ನು ಕೆರೆದು ಬೆಸೆದರೆ ಮತ್ತೆ ಉರಿಯುತ್ತದೆಂದು ವಿಡಿಯೋದಲ್ಲಿ ನೋಡಿದೆ. ಮಕ್ಕಳಿಗೆ ಕಲಿಸಬಹುದೇ?

ತಿರುಪುಳಿ, ಬೆಂಗಳೂರು

ಮಕ್ಕಳಿಗೆ ಬೇಡ. ಆ ಬಲ್ಬಿನ ಒಳಗಿನ ಚುಕ್ಕೆಗಳು ಸರಣಿಯಲ್ಲಿರುತ್ತವೆ, ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಸುಟ್ಟದ್ದನ್ನು ದಾಟಿಸಿ ಬೆಸೆದರೆ ಉರಿಯುವುದು ನಿಜ, ಆದರೆ ಉಳಿದವುಗಳ ಮೇಲೆ ಭಾರ ಹೆಚ್ಚಿ ಬೇಗನೆ ಇನ್ನೊಂದು ಸುಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅಗ್ಗದ ಬಲ್ಬುಗಳಲ್ಲಿ ಆ ಹಲಗೆಯನ್ನು ಮನೆಯ ವಿದ್ಯುತ್ತಿನಿಂದ ಬೇರ್ಪಡಿಸಿರುವುದೇ ಇಲ್ಲ. ಪಾರದರ್ಶಕ ಮುಚ್ಚಳ ತೆಗೆದು ಹೋಲ್ಡರಿಗೆ ಹಾಕಿದರೆ ನಿಮ್ಮ ಬೆರಳಿನೆದುರು ಇರುವುದು 230 ವೋಲ್ಟ್. ಮಕ್ಕಳಿಗೆ ಬ್ಯಾಟರಿಯಿಂದ ಓಡುವ ಆಟದ ಸಾಮಾನು ಬಿಚ್ಚಲು ಕೊಡಿ.

ಲೆಕ್ಕದ ಮೇಷ್ಟರು, ತುಮಕೂರು

ಎಲ್ಲರೂ ಒಂದೇ ಕಡೆ ತಲೆಯಾಡಿಸುತ್ತಿದ್ದಾರೆ, ಹಾಗಾಗಿ ಅಡ್ಡಮಾತು ನನ್ನದಿರಲಿ. ರಿಪೇರಿ ಯಾವಾಗಲೂ ಒಳ್ಳೆಯದೇ? ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ನುಂಗುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಉಳಿತಾಯ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ತಿಂಗಳಿಗೆ ಹದಿನಾರು ಯೂನಿಟ್. ಕೆಪ್ಯಾಸಿಟರ್ ಹಾಕಿ ಹಳೆಯದನ್ನು ಇನ್ನೂ ಹತ್ತು ವರ್ಷ ಓಡಿಸಿದರೆ ಪರಿಸರಕ್ಕೆ ಆಗುವುದು ಲಾಭವೋ ನಷ್ಟವೋ? ಹಳೆಯ ಫ್ರಿಜ್ಜಿಗೂ ಇದೇ ಪ್ರಶ್ನೆ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನ ಒಳಗಿರುವವರ ಜೇಬಿಗೆ ಈ ವ್ಯತ್ಯಾಸ ತಾಗುವುದಿಲ್ಲ, ಅದರಿಂದ ಲೆಕ್ಕ ಹಾಕುವವರೂ ಇಲ್ಲ.

ಎರಡನೆಯದು. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಶೇ 22.3. ಇದರ ಮುಂದೆ ಒಂದು ಬಡಾವಣೆಯ ಹತ್ತಿಪ್ಪತ್ತು ಮಿಕ್ಸಿ ಎಷ್ಟರದ್ದು? ಕೆಲಸ ಆಗಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲಿ, ಸಮುದಾಯ ಭವನದಲ್ಲಲ್ಲ.

ರಿವೈಂಡಿಂಗ್ ಅಂಗಡಿ, ದಾವಣಗೆರೆ

ಮೇಷ್ಟರೇ, ಫ್ಯಾನಿನ ಲೆಕ್ಕಕ್ಕೆ ನನ್ನದೊಂದು ಬಾಕಿ ಸೇರಿಸಿಕೊಳ್ಳಿ. ಹಳೆಯ ಫ್ಯಾನು ಕೆಟ್ಟರೆ ಕೆಪ್ಯಾಸಿಟರ್, ಬೇರಿಂಗ್, ಕೊನೆಗೆ ವೈಂಡಿಂಗ್. ಮೂರೂ ನಮ್ಮ ಬೀದಿಯಲ್ಲೇ ಆಗುತ್ತವೆ. ಹೊಸ ಬಗೆಯ ಫ್ಯಾನಿನ ಒಳಗೆ ಒಂದು ಸರ್ಕ್ಯೂಟ್ ಹಲಗೆ ಇದೆ. ವಾರಂಟಿ ಮುಗಿದ ಮೇಲೆ ಅದು ಸುಟ್ಟರೆ, ಆ ಮಾದರಿಯ ಹಲಗೆ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಚೆನ್ನಾಗಿರುವ ಮೋಟಾರು, ರೆಕ್ಕೆ, ಕೊಳವೆ ಎಲ್ಲ ಗುಜರಿಗೆ. ವಿದ್ಯುತ್ ಉಳಿಸುವ ಫ್ಯಾನನ್ನು ಬೇಡ ಎನ್ನುತ್ತಿಲ್ಲ. ಕೊಳ್ಳುವಾಗ ‘ಹಲಗೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟು?’ ಎಂದು ಕೇಳಿ ಕೊಳ್ಳಿ ಎನ್ನುತ್ತೇನೆ.

ಈಗ ಎಲ್ಲದರದೂ ಇದೇ ಕತೆ. ಐದು ರೂಪಾಯಿಯ ಬುಷ್ ಕೇಳಿದರೆ ‘ಪೂರ್ತಿ ಅಸೆಂಬ್ಲಿಯೇ ಕೊಳ್ಳಬೇಕು’ ಎನ್ನುತ್ತಾರೆ. ಮುಚ್ಚಳಕ್ಕೆ ತಿರುಪಿನ ಬದಲು ಅಂಟು ಹಾಕಿರುತ್ತಾರೆ, ತಿರುಪಿದ್ದರೂ ಮೂರು ಮೂಲೆಯ ವಿಚಿತ್ರ ತಲೆ. ಬಿಚ್ಚಬಾರದು ಎಂದೇ ಮಾಡಿದ ಸಾಮಾನನ್ನು ಬಿಚ್ಚುವುದರಲ್ಲಿ ಅರ್ಧ ದಿನ ಹೋದರೆ ಕೂಲಿ ಯಾರಿಗೆ ಹೇಳುವುದು?

ಗ್ರಾಹಕ ಪಂಚಾಯಿತಿ, ಶಿವಮೊಗ್ಗ

ಕಾರ್ಖಾನೆಯ ಬಾಗಿಲಿನ ಮಾತು ಬಂದದ್ದರಿಂದ ಒಂದಿಷ್ಟು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನದಂದು ಜಾಲತಾಣ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕು ವಲಯಗಳ ಕಂಪನಿಗಳು ಕೈಪಿಡಿ, ಸೇವಾಕೇಂದ್ರ, ವಾರಂಟಿಯ ಮಾಹಿತಿಯನ್ನು ಅಲ್ಲಿ ಹಾಕಬೇಕೆಂಬುದು ಆಶಯ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲೇ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ಬಟ್ಟೆ ಒಗೆಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳ ಬೆಲೆಚೀಟಿಯ ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಎಂದು ರಿಪೇರಿ ಅಂಕ ಕಾಣಿಸಬೇಕೆಂಬ ನಿಯಮ ತಂದರು. ಆಸ್ಟ್ರಿಯಾ 2022ರಲ್ಲಿ ಎಲೆಕ್ಟ್ರಿಕ್ ಸಾಮಾನಿನ ರಿಪೇರಿ ಖರ್ಚಿನ ಅರ್ಧವನ್ನು, 200 ಯೂರೋ ಮಿತಿಯೊಳಗೆ, ಸರ್ಕಾರವೇ ಭರಿಸುವ ಯೋಜನೆ ತಂದಿತು. ದಾವಣಗೆರೆಯ ಅಂಗಡಿಯವರಿಗೆ ನೇರವಾಗಿ ಉಪಯೋಗವಾಗುವ ಮಾದರಿ ಇದು: ಹಣ ಸ್ವಯಂಸೇವಕನಿಗಲ್ಲ, ಕಸುಬಿನವನಿಗೆ ಹೋಗುತ್ತದೆ.

ಸಂತೆಯಲ್ಲಿ ಒಂದು ವಹಿ ಇಡಿ: ಯಾವ ವಸ್ತು, ಎಷ್ಟು ವರ್ಷ ಹಳೆಯದು, ಏನು ಕೆಟ್ಟಿತ್ತು, ಏಕೆ ಸರಿಯಾಗಲಿಲ್ಲ. ಬೇರೆ ದೇಶಗಳ ರಿಪೇರಿ ಗುಂಪುಗಳು ಇಂಥ ವಹಿಗಳನ್ನೇ ಒಟ್ಟುಗೂಡಿಸಿ ಕಾನೂನು ಮಾಡುವವರ ಮುಂದೆ ಇಡುತ್ತಿವೆ. ಮೇಷ್ಟರು ಹೇಳಿದ ಹತ್ತಿಪ್ಪತ್ತು ಮಿಕ್ಸಿಯ ಬೆಲೆ ಅಲ್ಲಿದೆ.

ಒಣಕಸ, ಬೆಂಗಳೂರು

ನಾನು ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರವೊಂದರಲ್ಲಿ ಕೆಲಸ ಮಾಡುವವರ ಜೊತೆ ಇದ್ದೇನೆ. ಇಲ್ಲಿಯವರೆಗಿನ ಚರ್ಚೆ ಮಿಕ್ಸಿ, ಫ್ಯಾನು, ಮಿಕ್ಸಿ ಎಂದೇ ಸುತ್ತುತ್ತಿದೆ. ಒಂದು ವಿಷಯ ಹೇಳಲೇ? ಕೆಟ್ಟ ಮಿಕ್ಸಿ ಕಸದ ರಾಶಿಗೆ ಹೋಗುವುದು ಬಹಳ ಅಪರೂಪ. ಅದರೊಳಗೆ ತಾಮ್ರ ಇದೆ, ಉಕ್ಕಿದೆ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಫ್ಯಾನು, ಕುಕ್ಕರು, ಇಸ್ತ್ರಿಪೆಟ್ಟಿಗೆ ಕೂಡ ಹಾಗೆಯೇ. ಅಲ್ಲಿಂದ ಮುಂದೆ ಅವನ್ನು ಒಡೆಯುವ ರೀತಿ ಅಪಾಯಕಾರಿ ನಿಜ, ಆದರೆ ಬೆಂಗಳೂರಿನ ಹೊರಗಿನ ಮಂಡೂರು, ಮಾವಳ್ಳಿಪುರದ ಕಸದ ಗುಡ್ಡಗಳನ್ನು ಕಟ್ಟಿದ್ದು ಮಿಕ್ಸಿಗಳಲ್ಲ.

ಕೇಂದ್ರದಲ್ಲಿ ಯಾರಿಗೂ ಬೇಡವಾಗಿ ಉಳಿಯುವುದು ಏನು ಗೊತ್ತೇ? ಪಟ್ಟಿ ಕಿತ್ತ ಚಪ್ಪಲಿ, ಅಟ್ಟೆ ಬಿಟ್ಟ ಶೂ, ಜಿಪ್ ಹೋದ ಶಾಲಾಚೀಲ, ಛತ್ರಿ, ದಿಂಬು, ಗೊಂಬೆ, ಸೂಟ್‌ಕೇಸ್, ಹರಿದ ಪ್ಯಾಂಟು. ಚಪ್ಪಲಿಯಲ್ಲಿ ರಬ್ಬರು, ಬಟ್ಟೆ, ಅಂಟು, ಫೋಮು ಎಲ್ಲ ಸೇರಿಕೊಂಡಿದೆ, ಬೇರ್ಪಡಿಸಲಾಗದು, ಮರುಬಳಕೆಗೆ ಕೊಳ್ಳುವವರಿಲ್ಲ. ಛತ್ರಿಯಲ್ಲಿ ಕಬ್ಬಿಣ ಕಿತ್ತುಕೊಂಡರೆ ಬಟ್ಟೆ ಉಳಿಯುತ್ತದೆ. ಇವೆಲ್ಲ ಕೊನೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಲ್ಲವೇ ಕಲ್ಲುಗಣಿಯ ಹಳ್ಳಕ್ಕೆ. ಮಾವಳ್ಳಿಪುರ 2012ರಲ್ಲಿ, ಮಂಡೂರು 2014ರಲ್ಲಿ ಮುಚ್ಚಿದವು. ಊರವರು ಬೀದಿಗಿಳಿದು ಲಾರಿ ತಡೆದ ಮೇಲೆ. ಮುಚ್ಚಿದವು ಎಂದರೆ ಕಸ ನಿಂತಿತು ಎಂದಲ್ಲ, ಬೇರೆ ಹಳ್ಳಿಗಳ ಹಳ್ಳ ತುಂಬತೊಡಗಿತು.

ಆದ್ದರಿಂದ ಕಾರಂಜಿಯವರೇ, ರಾಶಿ ಕಡಿಮೆಯಾಗಲಿ ಎಂಬುದೇ ಉದ್ದೇಶವಾದರೆ ಮೋಟಾರಿನ ಮೇಜು ಒಂದು ಸಾಕು, ಚಪ್ಪಲಿ ಹೊಲಿಯುವವರು, ಛತ್ರಿಯವರು, ಚೀಲ ಹೊಲಿಯುವವರಿಗೆ ಮೂರು ಮೇಜು ಕೊಡಿ. ಗಂಡಸರು ಆಯೋಜಿಸಿದ ಶಿಬಿರಗಳಲ್ಲಿ ಸೋಲ್ಡರಿಂಗ್ ಮೇಜಿನ ಸುತ್ತ ಗುಂಪು, ಹೊಲಿಗೆಯವರು ಕತ್ತಲೆ ಮೂಲೆಯಲ್ಲಿ. ನೋಡಿ ಸಾಕಾಗಿದೆ.

ಕೌದಿ, ಧಾರವಾಡ

ಒಣಕಸ ಅವರು ಹೇಳಿದ್ದಕ್ಕೆ ನನ್ನದೂ ಒಂದು ಟಾಕಿ. ನಮ್ಮ ಕಡೆ ಹಳೆಯ ಸೀರೆ ಕಸವಾಗುವುದು ಕೌದಿಯಾಗಿ, ಕೌದಿ ಸವೆದು, ಅದರ ಮೇಲೆ ಇನ್ನೊಂದು ಪದರ ಕೂತು, ಅದೂ ಸವೆದ ಮೇಲೆ. ನಾವು ಕೆಲವು ಹೆಣ್ಣುಮಕ್ಕಳು ಸೇರಿ ಹೊಲಿದುಕೊಡುತ್ತೇವೆ, ಹಣಕ್ಕೇ. ಸೀರೆ ಅವರದು, ಕೈ ನಮ್ಮದು. ಉಚಿತವಾಗಿ ಹೊಲಿದುಕೊಡಿ ಎಂದು ಕೇಳಿದವರಿಗೆ ಸೂಜಿ-ದಾರ ಉಚಿತವಾಗಿ ಕೊಡುತ್ತೇವೆ.

ಒಮ್ಮೆ ಶಾಲೆಯೊಂದರಲ್ಲಿ ಚೀಲಗಳ ಮೇಜು ಹಾಕಿದ್ದೆವು. ತಾಯಂದಿರು ತಂದ ಚೀಲಗಳಲ್ಲಿ ಬಹುತೇಕ ಬಟ್ಟೆ ಗಟ್ಟಿಯಾಗಿಯೇ ಇತ್ತು. ಹೋದದ್ದು ಜಿಪ್ಪಿನ ರನ್ನರ್, ಇಲ್ಲವೇ ಹೆಗಲಪಟ್ಟಿ ಸೇರುವ ಜಾಗದ ಹೊಲಿಗೆ. ಪೂರ್ತಿ ಜಿಪ್ ಬದಲಾಯಿಸಬೇಕಾಗಿಲ್ಲ. ಹಲ್ಲುಗಳು ಸರಿಯಿದ್ದು ಮುಚ್ಚಿಕೊಳ್ಳದಿದ್ದರೆ ರನ್ನರಿನ ಬಾಯಿ ಅಗಲವಾಗಿದೆ ಎಂದರ್ಥ. ಇಕ್ಕುಳದಿಂದ ಎರಡೂ ಅಂಚನ್ನು ಸಮವಾಗಿ, ತುಸುವೇ ಒತ್ತಿ. ಜೋರಾಗಿ ಒತ್ತಿದರೆ ಓಡುವುದೇ ಇಲ್ಲ. ಅದರಿಂದಲೂ ಆಗದಿದ್ದರೆ ಹೊಸ ರನ್ನರ್, ಕೆಲವೇ ರೂಪಾಯಿ.

ಶಾಲೆ ಶುರುವಾಗುವ ಮುಂಚೆ ಮೇ ತಿಂಗಳಲ್ಲಿ ಚೀಲದ ಮೇಜು, ಮುಂಗಾರಿಗೆ ಮುನ್ನ ಛತ್ರಿಯ ಮೇಜು. ಅಕ್ಟೋಬರಿನಲ್ಲಿ ಛತ್ರಿ ತರುವವರು ಯಾರು? ಆ ರಿಪೇರಿ ದಿನ ಯಾರದೋ ಪಂಚಾಂಗದ್ದು.

ಕಾರಂಜಿ, ಮೈಸೂರು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಈ ಚರ್ಚೆಯನ್ನು ಅಚ್ಚು ಹಾಕಿಸಿ ನಿನ್ನೆಯ ಸಂಘದ ಸಭೆಯಲ್ಲಿ ಹಂಚಿದೆ. ತೀರ್ಮಾನವಾದದ್ದು ಹೀಗೆ. ಅಕ್ಟೋಬರಿನದು ಇರಲಿ, ಅದರ ಜೊತೆಗೆ ಮೇ ಕೊನೆಯಲ್ಲಿ ಛತ್ರಿ, ಚೀಲ, ಮಳೆಯಂಗಿಗೆ ಮಾತ್ರ ಒಂದು ಸಣ್ಣ ಸಂತೆ. ನಮ್ಮ ಮುಖ್ಯರಸ್ತೆಯಲ್ಲಿ ಕೂರುವ ಚಪ್ಪಲಿ ಹೊಲಿಯುವ ಅಣ್ಣನನ್ನೂ ಒಬ್ಬ ಟೈಲರಮ್ಮನನ್ನೂ ಕೇಳಿದ್ದೇವೆ. ಸಂಘದ ನಿಧಿಯಿಂದ ದಿನಗೂಲಿ, ಊಟ. ಬಿಡಿಭಾಗದ ಬೆಲೆ ಮತ್ತು ಒಂದು ನಿಗದಿತ ಕೂಲಿಯನ್ನು ತಂದವರು ಕೊಡುತ್ತಾರೆ, ಅದೂ ಕಸುಬಿನವರಿಗೇ. ಬ್ಯಾನರಿನಲ್ಲಿ ‘ಉಚಿತ’ ಎಂಬ ಮಾತಿಲ್ಲ. ಇದಕ್ಕೆ ಖಜಾಂಚಿಯವರು ಮುಖ ಸಿಂಡರಿಸಿದರು, ಆಮೇಲೆ ಅವರೇ ತಮ್ಮ ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸಲು ಆಗುತ್ತದೆಯೇ ಎಂದು ಕೇಳಿದರು.

ಅದೇ ನನ್ನ ಮುಂದಿನ ಪ್ರಶ್ನೆ. ಕಲಾಯಿಯವರನ್ನು ಭವನದೊಳಗೆ ಕೂರಿಸಬಹುದೇ?

ತಿರುಪುಳಿ, ಬೆಂಗಳೂರು

ಒಳಗೆ ಬೇಡವೇ ಬೇಡ. ಕಾದ ಪಾತ್ರೆಗೆ ನವಸಾಗರ ಹಾಕಿ ಉಜ್ಜಿದಾಗ ಏಳುವ ಬಿಳಿ ಹೊಗೆ ಕಣ್ಣು, ಗಂಟಲು ಹಿಡಿಯುತ್ತದೆ. ಅಂಗಳದಲ್ಲಿ, ಗಾಳಿ ಹೊರಕ್ಕೆ ಬೀಸುವ ಕಡೆ, ಮಕ್ಕಳು ಸುತ್ತ ನೆರೆಯದಂತೆ ಹಗ್ಗ ಕಟ್ಟಿ. ತವರವೇ ಹಾಕುತ್ತಿದ್ದಾರೆ, ಸೀಸ ಬೆರೆಸಿದ್ದಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಡುಗೆ ಪಾತ್ರೆ ಅದು. ಬಣ್ಣ ಮಂಕಾಗಿದೆ ಎಂದು ಪೂಜೆಯ ಸಾಮಾನು ತಂದರೆ ಕಲಾಯಿ ಬೇಕಾಗಿಲ್ಲ, ಹುಣಸೆಹಣ್ಣು ಸಾಕು.

ಲೆಕ್ಕದ ಮೇಷ್ಟರು, ತುಮಕೂರು

ಕೂಲಿ ಸಂಘದ್ದು, ಊಟ ಸಂಘದ್ದು, ಭವನದ ಬಾಡಿಗೆ ಬಿಟ್ಟದ್ದು. ಒಟ್ಟು ಖರ್ಚನ್ನು ರಿಪೇರಿಯಾದ ಚೀಲಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಚೀಲಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನು ಆಮೇಲೆ ಇಲ್ಲೇ ಬರೆಯಬೇಕು. ಹೊಸ ಚೀಲಕ್ಕಿಂತ ಹೆಚ್ಚಾದರೂ ಬರೆಯಬೇಕು. ನನ್ನ ಅನುಮಾನ ಹಾಗೆಯೇ ಇದೆ.

ರಿವೈಂಡಿಂಗ್ ಅಂಗಡಿ, ದಾವಣಗೆರೆ

ಬರೆಯಲಿ ಮೇಷ್ಟರೇ. ಹೊಸ ಚೀಲವನ್ನು ಮುಂದಿನ ವರ್ಷ ಎಸೆಯುವ ಖರ್ಚನ್ನೂ ನೀವು ಆ ಭಾಗಾಕಾರದಲ್ಲಿ ಸೇರಿಸಿ. ಕಾರಂಜಿಯವರೇ, ಇನ್ನೊಂದು ಮಾತು: ತಂದವರ ಹೆಸರು, ವಸ್ತುವಿನ ಮೇಲೆ ಚೀಟಿ, ‘ಸಂಜೆ ಐದರೊಳಗೆ ಒಯ್ಯಬೇಕು’ ಎಂದು ಬಾಗಿಲಲ್ಲೇ ದೊಡ್ಡದಾಗಿ ಬರೆಸಿ. ಇಲ್ಲದಿದ್ದರೆ ಸಮುದಾಯ ಭವನ ನಮ್ಮ ಅಂಗಡಿಯ ಕಪಾಟಾಗುತ್ತದೆ. ಕೆಲಸ ಮಾಡಿದವರು ಎಷ್ಟು ದಿನದ ಭರವಸೆ ಕೊಡುತ್ತಾರೆ ಎಂಬುದನ್ನೂ ಅವರನ್ನೇ ಕೇಳಿ ಚೀಟಿಯ ಹಿಂದೆ ಬರೆಯಿರಿ. ಸಂತೆ ಮುಗಿದ ಮೇಲೆ ಹೊಲಿಗೆ ಬಿಟ್ಟರೆ ಜನ ಅವರ ಅಂಗಡಿಗೆ ಹೋಗುವಂತಾಗಲಿ.

ಕಾರಂಜಿ, ಮೈಸೂರು

ಸರಿ, ಚೀಟಿಯ ಮಾದರಿ ಬರೆದು ಹಾಕುತ್ತೇನೆ. ಕೌದಿ ಅಕ್ಕಾ, ಜಿಪ್ಪಿನ ರನ್ನರುಗಳನ್ನು ಸಗಟಾಗಿ ತರಿಸಬೇಕು. ಯಾವ ಅಳತೆಯವು?

ಕೌದಿ, ಧಾರವಾಡ

ಹಳೆಯ ರನ್ನರಿನ ಹಿಂಬದಿ ತಿರುಗಿಸಿ ನೋಡಿದರೆ ಅನೇಕ ಸಲ ಅಂಕೆ ಕೆತ್ತಿರುತ್ತದೆ. ಪ್ಯಾಂಟು, ಪರ್ಸಿಗೆ 3, ಶಾಲಾಚೀಲಕ್ಕೆ 5, ಪ್ರಯಾಣದ ದೊಡ್ಡ ಚೀಲಕ್ಕೆ 8 ಅಥವಾ 10. ಐದನೆಯ ನಂಬರಿನದೇ ಹೆಚ್ಚು ಬೇಕಾಗುತ್ತದೆ. ಸುರುಳಿ ಹಲ್ಲಿನ ನೈಲಾನ್ ಜಿಪ್ಪಿನ ರನ್ನರ್ ಬೇರೆ, ಬಿಡಿ ಹಲ್ಲಿನ ಪ್ಲಾಸ್ಟಿಕ್ ಜಿಪ್ಪಿನದು ಬೇರೆ, ಒಂದಕ್ಕೆ ಇನ್ನೊಂದು ಕೂರದು, ಅಂಗಡಿಯಲ್ಲಿ ಕೇಳುವಾಗ ಹೇಳಿ. ಕೊನೆಯಲ್ಲಿ ರನ್ನರ್ ಜಾರಿಹೋಗದಂತೆ ತಡೆಯುವ ಸಣ್ಣ ಲೋಹದ ತುಂಡುಗಳನ್ನೂ ಒಂದು ಪೊಟ್ಟಣ ತನ್ನಿ. ಸಿಗದಿದ್ದರೆ ದಪ್ಪ ದಾರದಿಂದ ಅಡ್ಡಡ್ಡ ಹತ್ತು ಹೊಲಿಗೆ ಹಾಕಿದರೂ ನಡೆಯುತ್ತದೆ.